ಬಾಗಿಲ ಹಿಂದಿನ ಬಸ್‌ಬಾರ್

ಬೆಂಗಳೂರಿನ ಚಿಕ್ಕಪೇಟೆ ಮೆಟ್ರೊ ಇಳಿದರೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಹತ್ತಿರ. ಹಗಲಲ್ಲೂ ಝಗಮಗಿಸುವ ತೂಗುದೀಪಗಳ ಅಂಗಡಿಗಳನ್ನು ದಾಟಿ ಒಳಸಂದಿಗೆ ಹೊರಳಿದಾಗಲೇ ಕರೆಂಟಿನ ಅಸಲಿ ಸಂಸಾರ ಕಾಣುವುದು: ಕೇಬಲ್ ಸುರುಳಿ, ತಗಡಿನ ಪೆಟ್ಟಿಗೆ, ಡಬ್ಬದ ತುಂಬ ಕೇಬಲ್ ತುದಿಗೆ ಹಾಕುವ ಲಗ್ಗು. ಪೀಣ್ಯದ ಶೆಡ್ಡೊಂದಕ್ಕೆ ಸಬ್ ಪ್ಯಾನೆಲ್ ಕೊಳ್ಳಲು ಹೊರಟಿದ್ದ ಎಲೆಕ್ಟ್ರಿಷಿಯನ್ ಜೊತೆ ನಾನೂ ಹೋದೆ. ಲೇಥು, ಕಂಪ್ರೆಸರ್ ಎಲ್ಲ ಸೇರಿ 40 ಎಚ್‌ಪಿ. 415 ವೋಲ್ಟಿನ ತ್ರೀ ಫೇಸಿನಲ್ಲಿ ಎಚ್‌ಪಿಗೆ ಸುಮಾರು 1.4 ಆಂಪಿಯರ್ ಎಂಬ ಬಾಯಿಲೆಕ್ಕ ಹಿಡಿದರೆ 56.

"ಎಷ್ಟು ವೇ ಅಣ್ಣಾ?" ಅಂಗಡಿಯವರ ಮೊದಲ ಪ್ರಶ್ನೆ. 8 ವೇ ಅಂದರೆ 8 ಎಂಸಿಬಿ ಅಂದುಕೊಳ್ಳುವವರಿದ್ದಾರೆ. ಮೂರು ಫೇಸು, ಒಂದು ನ್ಯೂಟ್ರಲ್ಲಿನ ಟಿಪಿಎನ್ ಡಿಬಿಯಲ್ಲಿ ಒಂದೊಂದು ವೇಗೂ ಮೂರು ಫೇಸು. ಸಿಂಗಲ್ ಪೋಲ್ ಲೆಕ್ಕದಲ್ಲಿ 24 ಕೂರುತ್ತವೆ.

ನಮ್ಮ ಎಲೆಕ್ಟ್ರಿಷಿಯನ್ ಉತ್ತರ ಕೊಡುವ ಮೊದಲು ಟೆಸ್ಟರ್ ತೆಗೆದು ಒಳಮುಚ್ಚಳ ಬಿಚ್ಚಿದರು. "ಬಾಗಿಲ ಪೇಂಟ್ ನೋಡಿ ಏನ್ ಮಾಡೋದು ಸಾರ್?" ತಾಮ್ರದ ಬಸ್‌ಬಾರಿನ ಮೇಲೆ ಬೆರಳಾಡಿಸಿದರು. ನ್ಯೂಟ್ರಲ್ ಬಾರಿನ ತೂತುಗಳನ್ನು ಎಣಿಸಿದರು. ಒಂದು ಸ್ಕ್ರೂ ಕೆಳಗೆ ಎರಡು ವೈರು ತುರುಕುವುದು ಅವರಿಗೆ ಆಗದು. ಆಮೇಲೆ ಮುಖ್ಯ ಬ್ರೇಕರಾದ ಇನ್‌ಕಮರ್ ಕೂರುವ ಜಾಗಕ್ಕೂ ಕೇಬಲ್ ಒಳಬರುವ ಗ್ಲ್ಯಾಂಡ್ ಪ್ಲೇಟಿಗೂ ನಡುವೆ ಮುಷ್ಟಿ ತೂರಿಸಿದರು. ಮುಷ್ಟಿ ಸಿಕ್ಕಿಕೊಂಡಿತು. ಆ ಪೆಟ್ಟಿಗೆ ವಾಪಸ್ ಅಟ್ಟಕ್ಕೆ ಹೋಯಿತು. 35 ಚದರ ಎಂಎಂ ಆರ್ಮರ್ಡ್ ಕೇಬಲ್ ಹೇಳಿದ ಹಾಗೆ ಬಾಗುವುದಿಲ್ಲ. ಜಾಗವಿಲ್ಲದೆ ಬಲವಂತ ಮಾಡಿದರೆ ಲಗ್ಗು ಟರ್ಮಿನಲ್ಲನ್ನು ಎಳೆಯುತ್ತಲೇ ಇರುತ್ತದೆ. ಸಡಿಲವಾದ ಕಡೆ ಬಿಸಿ, ಬಿಸಿಯಾದ ಕಡೆ ಸುಟ್ಟ ವಾಸನೆ.

ಇನ್‌ಕಮರಿಗೆ 100 ಆಂಪಿಯರಿನ ಫೋರ್ ಪೋಲ್ ಎಂಸಿಸಿಬಿ. ಅದರ ಮುಖದ ಪುಟ್ಟ ಡಯಲನ್ನು 0.8ಕ್ಕೆ ತಿರುಗಿಸಿದರೆ 80. ಅದು ಮೊದಲು ಕಾಯಬೇಕಾದದ್ದು ಕೇಬಲನ್ನು, ಹಾಗಾಗಿ ಕೇಬಲ್ ತಾಳುವುದಕ್ಕಿಂತ ಮೇಲೆ ಇಡುವ ಹಾಗಿಲ್ಲ. ಟ್ರಾನ್ಸ್‌ಫಾರ್ಮರ್ ಹತ್ತಿರವಿದ್ದಷ್ಟೂ ಶಾರ್ಟ್ ಆದಾಗ ನುಗ್ಗುವ ಕರೆಂಟು ಹೆಚ್ಚು. ಬ್ರೇಕರ್ ತಡೆಯಬಲ್ಲ ಕೆಎ ಅಂಕಿ ನೋಡದೆ ಅಗ್ಗದ್ದು ಎತ್ತಿಕೊಳ್ಳುವುದು ಜಾಣತನವಲ್ಲ. ಲೈಟು, ಸಾಕೆಟ್ಟಿಗೆ ಸಿ ಕರ್ವ್ ಎಂಸಿಬಿ ಸಾಕು. ಸ್ಟಾರ್ಟ್ ಆಗುವಾಗ ಆರೇಳು ಪಟ್ಟು ಎಳೆಯುವ ಕಂಪ್ರೆಸರಿಗೆ ಡಿ ಕರ್ವ್: 10 ಪಟ್ಟಿನವರೆಗೂ ಅದು ದಿಢೀರನೆ ಬೀಳದು.

ಇಡೀ ಬೋರ್ಡಿಗೆ ಒಂದೇ 30 ಮಿಲಿ ಆಂಪಿಯರ್ ಸೋರಿಕೆಗೇ ಬೀಳುವ ಆರ್‌ಸಿಸಿಬಿ ಮಾರಲು ಅಂಗಡಿಯವರಿಗೆ ಆಸೆ. ನಮ್ಮವರು ಒಪ್ಪಲಿಲ್ಲ, ನನಗೂ ಸರಿಯೆನ್ನಿಸಲಿಲ್ಲ. ಹಳೆಯ ವೆಲ್ಡಿಂಗ್ ಸೆಟ್ಟಿನ ಸಣ್ಣ ಸೋರಿಕೆಗೆ ಶೆಡ್ಡೆಲ್ಲ ಕತ್ತಲಾದರೆ ಯಾರಾದರೊಬ್ಬರು ಅದನ್ನು ಬೈಪಾಸ್ ಮಾಡಿಬಿಡುತ್ತಾರೆ. ಕೈಯಲ್ಲಿ ಹಿಡಿಯುವ ಡ್ರಿಲ್ಲು, ಗ್ರೈಂಡರಿನ ಸಾಕೆಟ್ ಲೈನುಗಳಿಗೆ ಪ್ರತ್ಯೇಕವಾಗಿ ಹಾಕಿದರು. ಅರ್ಥ್ ಬಾರ್ ಬೇರೆ, ನ್ಯೂಟ್ರಲ್ ಬಾರ್ ಬೇರೆ. ಸಬ್ ಪ್ಯಾನೆಲ್ಲಿನಲ್ಲಿ ಇವೆರಡನ್ನೂ ಕೂಡಿಸಿದರೆ ನ್ಯೂಟ್ರಲ್ಲಿನ ಕರೆಂಟು ಮೆಷಿನುಗಳ ಮೈಗೂ ಹರಿದಾಡುತ್ತದೆ.

ಚೌಕಾಸಿ ಬಗ್ಗೆ ಹೇಳುವಂಥದ್ದಿಲ್ಲ. ಪ್ರೈಸ್ ಲಿಸ್ಟ್ ಒಂದು, ಕೊಡುವ ರೇಟು ಇನ್ನೊಂದು. ಜಗ್ಗಾಟ ನಡೆದದ್ದು ಲಗ್ಗಿಗೆ. ಕೇಬಲ್ ಅಲ್ಯುಮಿನಿಯಂ, ಟರ್ಮಿನಲ್ ತಾಮ್ರ. ಎರಡೂ ನೇರವಾಗಿ ಕೂಡಿದರೆ ತೇವಕ್ಕೆ ತಿಂದುಹೋಗುತ್ತದೆಂದು ನಮ್ಮವರು ಬೈಮೆಟಲ್ ಲಗ್ಗೇ ಬೇಕೆಂದರು. ಅಂಗಡಿಯಲ್ಲಿರಲಿಲ್ಲ, ಹುಡುಗ ಪಕ್ಕದ ಸಂದಿಗೆ ಓಡಿದ. ಮುಂದೆ ಬರಬಹುದಾದ ಮೆಷಿನಿಗೆಂದು 2 ವೇ ಖಾಲಿ ಬಿಟ್ಟಿದ್ದಕ್ಕೆ, ಬೆರಳು ಒಳಹೋಗದಂತೆ ಮುಚ್ಚಲು 6 ಬ್ಲ್ಯಾಂಕ್ ಪ್ಲೇಟು ಬೇಕಾಯಿತು. ಅಷ್ಟನ್ನು ಮಾತ್ರ ಅಂಗಡಿಯವರು ಬಿಲ್ಲಿಗೆ ಸೇರಿಸಲಿಲ್ಲ.