ಹೊಸ ಕಾರಿನ ತೀರ್ಪಿಗೆ ಅವಸರವೇಕೆ?

ಅಮೆರಿಕದ ‘ಮೋಟರ್ ಟ್ರೆಂಡ್’ ಪತ್ರಿಕೆ 1960ರಲ್ಲಿ ವರ್ಷದ ಕಾರು ಎಂದು ಆರಿಸಿದ್ದು ಜನರಲ್ ಮೋಟರ್ಸ್‌ನ ಷೆವರ್ಲೆ ಕಾರ್ವೇರ್ ಅನ್ನು. ಎಂಜಿನ್ ಹಿಂದೆ, ಅದನ್ನು ತಣಿಸಲು ನೀರಿನ ಬದಲು ಗಾಳಿ. ಡೆಟ್ರಾಯಿಟ್ ಮಟ್ಟಿಗೆ ಅದು ನಿಜಕ್ಕೂ ಹೊಸತನವೇ. ಆದರೆ 1965ರಲ್ಲಿ ರಾಲ್ಫ್ ನೇಡರ್ ಎಂಬ ವಕೀಲರು ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಪುಸ್ತಕದ ಮೊದಲ ಅಧ್ಯಾಯವನ್ನೇ ಈ ಕಾರಿಗೆ ಮೀಸಲಿಟ್ಟರು. ತಿರುವಿನಲ್ಲಿ ಹಿಂದಿನ ಚಕ್ರ ಮಡಚಿಕೊಂಡು ಕಾರು ಹತೋಟಿ ತಪ್ಪುತ್ತದೆ ಎಂಬುದು ಅವರ ಆರೋಪ. ಮರುವರ್ಷವೇ ಅಮೆರಿಕದಲ್ಲಿ ವಾಹನ ಸುರಕ್ಷತೆಯ ಕಾಯ್ದೆ ಬಂತು. 1971ರಲ್ಲಿ ಅದೇ ಪತ್ರಿಕೆಯ ಪ್ರಶಸ್ತಿ ಷೆವರ್ಲೆ ವೇಗಾಗೆ ಸಂದಿತು. ಅದರ ಅಲ್ಯೂಮಿನಿಯಂ ಎಂಜಿನ್ ಕಾದು ಕೆಡುವುದೂ ಬಾಡಿ ಬೇಗ ತುಕ್ಕು ಹಿಡಿಯುವುದೂ ಕೊಂಡವರಿಗೆ ಆಮೇಲೆ ಗೊತ್ತಾಯಿತು.

ಇಂಥ ಕಾರುಗಳನ್ನೂ ಪತ್ರಿಕೆಗಳು ಹೊಗಳಲು ಜಾಹೀರಾತೇ ಕಾರಣ ಎನ್ನುವವರಿದ್ದಾರೆ. ಆ ಒತ್ತಡ ಸುಳ್ಳಲ್ಲ. ಡ್ಯಾನ್ ನೀಲ್ ಕಾರು ವಿಮರ್ಶೆಗಾಗಿಯೇ 2004ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದವರು; ಮರುವರ್ಷ ಅವರ ಕಟುವಾದ ಬರಹವೊಂದರ ಬೆನ್ನಿಗೇ ಜನರಲ್ ಮೋಟರ್ಸ್ ‘ಲಾಸ್ ಏಂಜಲೀಸ್ ಟೈಮ್ಸ್’ಗೆ ಕೊಡುತ್ತಿದ್ದ ಜಾಹೀರಾತನ್ನು ಕೆಲವು ತಿಂಗಳು ನಿಲ್ಲಿಸಿತು. ಆದರೂ ನನಗೆ ಇದಕ್ಕಿಂತ ದೊಡ್ಡ ದೋಷವಾಗಿ ಕಾಣುವುದು ವಿಮರ್ಶೆ ನಡೆಯುವ ಹೊತ್ತು. ಕಾರು ಮಾರುಕಟ್ಟೆಗೆ ಬರುವ ವಾರ, ಕಂಪನಿಯೇ ಕೊಟ್ಟ ಗಾಡಿಯನ್ನು ಒಂದೆರಡು ದಿನ ಓಡಿಸಿ ಬರೆಯುವುದು ಈ ವೃತ್ತಿಯ ರೂಢಿ. ಸ್ಟೀರಿಂಗ್ ಹಗುರವೇ, ಸೀಟು ಹಿತವೇ, ಪಿಕಪ್ ಹೇಗಿದೆ ಎಂಬುದನ್ನು ಆಗ ಪ್ರಾಮಾಣಿಕವಾಗಿಯೇ ಹೇಳಬಹುದು. ತುಕ್ಕು, ಸವೆತ, ಬಿಡಿಭಾಗದ ಬೆಲೆ, ಅಪಘಾತದಲ್ಲಿ ಒಳಗಿದ್ದವರ ಗತಿ, ಇವು ಯಾವುವೂ ಆ ಎರಡು ದಿನದಲ್ಲಿ ಕಾಣುವಂಥವಲ್ಲ.

ಫೋಕ್ಸ್‌ವ್ಯಾಗನ್ ಪ್ರಕರಣ ಇದನ್ನು ಇನ್ನೂ ಸ್ಪಷ್ಟಪಡಿಸಿತು. ‘ಗ್ರೀನ್ ಕಾರ್ ಜರ್ನಲ್’ 2009ರ ಹಸಿರು ಕಾರೆಂದು ಆ ಕಂಪನಿಯ ಜೆಟ್ಟಾ ಡೀಸೆಲ್ ಅನ್ನು ಕೊಂಡಾಡಿತ್ತು. ಜಾಹೀರಾತೇ ಹಾಕದ, ಪರೀಕ್ಷೆಯ ಕಾರನ್ನು ಸ್ವಂತ ಹಣದಿಂದ ಕೊಳ್ಳುವ ‘ಕನ್ಸ್ಯೂಮರ್ ರಿಪೋರ್ಟ್ಸ್’ ಕೂಡ ಅದನ್ನು ಶಿಫಾರಸು ಮಾಡಿತ್ತು. ಎಂದರೆ ಕಾಸಿನ ಹಂಗು ತಪ್ಪಿದರಷ್ಟೇ ಸಾಲದು. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಪುಟ್ಟ ತಂಡವೊಂದು ಹೊಗೆ ಅಳೆಯುವ ಯಂತ್ರವನ್ನು ಕಾರಿಗೇ ಕಟ್ಟಿ ರಸ್ತೆಗಿಳಿದಾಗ, ಜೆಟ್ಟಾ ಉಗುಳುತ್ತಿದ್ದ ನೈಟ್ರೋಜನ್ ಆಕ್ಸೈಡ್ ಮಿತಿಗಿಂತ 15ರಿಂದ 35 ಪಟ್ಟು ಹೆಚ್ಚೆಂದು ತಿಳಿಯಿತು. ಆ ತಂಡದಲ್ಲಿ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಕೂಡ ಇದ್ದರು. ಪರೀಕ್ಷೆ ನಡೆಯುತ್ತಿದೆ ಎಂಬುದನ್ನು ಗುರುತಿಸಿ ಆ ಹೊತ್ತಿಗೆ ಮಾತ್ರ ಹೊಗೆ ಇಳಿಸುವ ಸಾಫ್ಟ್‌ವೇರ್ ಕಾರಿನೊಳಗಿತ್ತು. 2015ರಲ್ಲಿ ಸತ್ಯ ಹೊರಬಿದ್ದ ಮೇಲೆ ಆ ಪ್ರಶಸ್ತಿ ರದ್ದಾಯಿತು.

ಪತ್ರಕರ್ತರ ಬಳಿ ಪ್ರಯೋಗಾಲಯ ಇಲ್ಲವಲ್ಲ, ಅವರನ್ನು ದೂರಿ ಏನು ಫಲ ಎಂದು ಕೇಳಬಹುದು. ಹೊರಗಿನವರೂ ಎಡವುತ್ತಾರೆ ಎಂಬ ಮಾತೂ ಇದೆ: ಕಾರ್ವೇರ್ ತನ್ನ ಕಾಲದ ಉಳಿದ ಕಾರುಗಳಿಗಿಂತ ಹೆಚ್ಚು ಅಪಾಯಕಾರಿಯಲ್ಲ ಎಂದು 1972ರಲ್ಲಿ ಸರ್ಕಾರಿ ತನಿಖೆಯೇ ಹೇಳಿತು. ಎರಡೂ ಒಪ್ಪತಕ್ಕ ಮಾತುಗಳೇ. ಆದರೆ ನೇಡರ್ ಕೇಳಿದ್ದು ಒಂದು ಕಾರಿನ ಪ್ರಶ್ನೆಯಷ್ಟೇ ಅಲ್ಲ. ಸುರಕ್ಷತೆಯ ಹೊಣೆ ಚಾಲಕನದಷ್ಟೇ ಅಲ್ಲ, ತಯಾರಕನದೂ ಹೌದು ಎಂಬುದು ಅವರ ವಾದ. ಆ ಪ್ರಶ್ನೆ ಕೇಳಲು ಪ್ರಯೋಗಾಲಯ ಬೇಕಿಲ್ಲ. ನಮ್ಮಲ್ಲೂ 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಆಲ್ಟೊ 800, ನ್ಯಾನೊ, ಐ10, ಫಿಗೊ ಮತ್ತು ಪೋಲೊ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಡಿಕ್ಕಿ ಹೊಡೆಸಿ ನೋಡಿತು. ಸುರಕ್ಷತೆಯಲ್ಲಿ ಐದಕ್ಕೂ ಸಿಕ್ಕಿದ್ದು ಸೊನ್ನೆ ಸ್ಟಾರ್. ಅಲ್ಲಿಂದೀಚೆಗೆ ಕಾರಿನ ಮಾತು ಬಂದಾಗ ಮೈಲೇಜಿನ ಜೊತೆ ಸ್ಟಾರ್ ಎಷ್ಟು ಎಂದೂ ಜನ ಕೇಳತೊಡಗಿದರು.

ಕನ್ನಡ ಪತ್ರಿಕೆಗಳ ವಾಹನ ಪುಟಗಳು ಹೊಸ ಕಾರಿಗೆ ಕೊಡುವಷ್ಟೇ ಜಾಗವನ್ನು ಐದು ವರ್ಷ ಓಡಿದ ಕಾರಿಗೂ ಕೊಡಲಿ. ಅದರ ಮಾಲೀಕರನ್ನೂ ಗ್ಯಾರೇಜಿನ ಮೆಕ್ಯಾನಿಕರನ್ನೂ ಮಾತಾಡಿಸಿ ಬರೆಯಲಿ.