ಐದು ವರ್ಷ ಹಾರದ ಚೀನಾ ವಿಮಾನ

ಪ್ರಶ್ನೆ: ಕೋವಿಡ್ ಮುಗಿದ ಮೇಲೂ ಭಾರತ–ಚೀನಾ ನೇರ ವಿಮಾನ ವರ್ಷಗಟ್ಟಲೆ ಶುರುವಾಗಲಿಲ್ಲವೇಕೆ? ವಿಮಾನವೂ ಇತ್ತು, ಪ್ರಯಾಣಿಕರೂ ಇದ್ದರಲ್ಲ?

ಉತ್ತರ: ಇದ್ದರು. ಸರ್ಕಾರಗಳ ನಡುವೆ ಒಮ್ಮತವಿರಲಿಲ್ಲ, ಅಷ್ಟೇ. ಖಾಸಗಿ ಬಸ್ಸಿನಂತೆ ಬೋರ್ಡು ತಗುಲಿಸಿ ಹೊರಟುಬಿಡಲು ವಿದೇಶಕ್ಕೆ ಹಾರುವ ವಿಮಾನಕ್ಕಾಗದು. ಯಾವ ಊರಿಗೆ, ವಾರಕ್ಕೆಷ್ಟು ಹಾರಾಟ ಎಂಬುದೆಲ್ಲ ಎರಡು ದೇಶಗಳ ನಡುವಿನ ವಾಯುಸೇವಾ ಒಪ್ಪಂದಕ್ಕೆ ಕಟ್ಟುಬಿದ್ದಿರುತ್ತದೆ. 2020ರ ಆರಂಭದಲ್ಲಿ ಹಾರಾಟ ನಿಲ್ಲಿಸಿದ್ದು ಕೊರೊನಾ. ಅದೇ ವರ್ಷದ ಜೂನ್‌ನಲ್ಲಿ ಗಡಿಯ ಗಾಲ್ವಾನ್ ಕಣಿವೆಯಲ್ಲಿ ಎರಡೂ ದೇಶಗಳ ಸೈನಿಕರ ನಡುವೆ ನಡೆದ ಸಂಘರ್ಷ ಅದಕ್ಕೆ ಬೀಗ ಜಡಿಯಿತು. ಚೀನಾ ಮತ್ತೆ ಬಾಗಿಲು ತೆರೆದಾಗಲೂ ಗುವಾಂಗ್‌ಝೌಗೆ ಸರಕು ನೋಡಲು ಹೊರಟ ವ್ಯಾಪಾರಿ, ಅಲ್ಲಿ ವೈದ್ಯಕೀಯ ಓದುವ ವಿದ್ಯಾರ್ಥಿ, ಎಲ್ಲರೂ ಹಾಂಗ್‌ಕಾಂಗ್, ಸಿಂಗಪುರ, ಬ್ಯಾಂಕಾಕ್ ಸುತ್ತಿಕೊಂಡೇ ಹೋಗಬೇಕಾಯಿತು. ಲಾಭ ಯಾರಿಗಾಯಿತೆಂದು ಬೇರೆ ಹೇಳಬೇಕೆ!

2024ರ ಅಕ್ಟೋಬರ್‌ನಲ್ಲಿ ಗಡಿ ಗಸ್ತಿನ ಬಗ್ಗೆ ಒಪ್ಪಂದವಾಯಿತು. ಬೆನ್ನಿಗೇ ರಷ್ಯಾದ ಕಜಾನ್‌ನಲ್ಲಿ ಮೋದಿ ಮತ್ತು ಷಿ ಜಿನ್‌ಪಿಂಗ್ ಭೇಟಿಯಾದರು. ಆಮೇಲೂ ವರ್ಷ ಹಿಡಿಯಿತು, ಕಡತಗಳಿಗೆ ರೆಕ್ಕೆ ಇರುವುದಿಲ್ಲವಲ್ಲ. 2025ರ ಅಕ್ಟೋಬರ್ 26ರ ರಾತ್ರಿ ಇಂಡಿಗೋ ವಿಮಾನ ಕೋಲ್ಕತ್ತದಿಂದ ಗುವಾಂಗ್‌ಝೌಗೆ ಹೊರಟಿತು. ನವೆಂಬರ್‌ನಲ್ಲಿ ದೆಹಲಿಯಿಂದಲೂ ಇಂಡಿಗೋ ಅಲ್ಲಿಗೆ ಹಾರತೊಡಗಿತು, ಚೈನಾ ಈಸ್ಟರ್ನ್ ಶಾಂಘೈ–ದೆಹಲಿ ಹಾರಾಟವನ್ನು ಮತ್ತೆ ಆರಂಭಿಸಿತು.