ಮನೆಯ ಬಡಿಗತನಕ್ಕೆ ಮೇಜು ಗರಗಸ: ಹಣ ಹಾಕುವ ಮುನ್ನ

ಒಕ್ಕಲುತನದ ಮನೆಯಲ್ಲಿ ಕಟ್ಟಿಗೆಯ ಕೆಲಸ ವರ್ಷವಿಡೀ ಇದ್ದೇ ಇರುತ್ತದೆ. ಬಂಡಿಯ ಹಲಗೆ ಮುರಿಯುತ್ತದೆ, ಕೊಟ್ಟಿಗೆಯ ಬಾಗಿಲು ಜೋಲುತ್ತದೆ, ಕಾಳಿನ ಪೆಟ್ಟಿಗೆಯ ತಳ ಹೋಗುತ್ತದೆ. ಕಮತಗಿ, ಇಳಕಲ್ಲ ಭಾಗದಲ್ಲಿ ಹೊಲದ ಜೊತೆಗೆ ಕೈಮಗ್ಗವನ್ನೂ ನಡೆಸುವ ಮನೆಗಳಿಗೆ ಮಗ್ಗದ ಬಿಡಿಭಾಗಗಳ ದುರಸ್ತಿಯೂ ಬೀಳುತ್ತದೆ. ಹಿಂದೆ ಊರ ಬಡಿಗೇರರು ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ ಪಡೆದು ಈ ಕೆಲಸಗಳನ್ನೆಲ್ಲ ಮಾಡಿಕೊಡುತ್ತಿದ್ದರು. ಆ ಪದ್ಧತಿ ಈಗ ಬಹುಮಟ್ಟಿಗೆ ಮರೆಯಾಗಿದೆ. ಆದ್ದರಿಂದ ಮನೆಯಲ್ಲೇ ಒಂದು ಮೇಜು ಗರಗಸ ಇಟ್ಟುಕೊಂಡರೆ ಹೇಗೆ ಎಂದು ಯೋಚಿಸುವ ರೈತರು ಹೆಚ್ಚುತ್ತಿದ್ದಾರೆ.

ಮೇಜಿನ ನಡುವಿನ ಸೀಳಿನಿಂದ ದುಂಡು ಅಲಗು ಮೇಲಕ್ಕೆ ಬಂದು ತಿರುಗುತ್ತಿರುತ್ತದೆ. ನಾವು ಕಟ್ಟಿಗೆಯನ್ನು ಅದಕ್ಕೆ ನೂಕುತ್ತೇವೆ. ಇದೇ ಮೇಜು ಗರಗಸ. ಇದನ್ನು ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು "ಎಷ್ಟು ಅಶ್ವಶಕ್ತಿ?" ಎಂದು. ಕೈಯಲ್ಲಿ ಹಣ ಕಡಿಮೆ ಇದ್ದಾಗ ಈ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು. ಕಟ್ಟಿಗೆಯನ್ನು ನೇರ ಹಿಡಿಯುವ ಭಾಗ ಮತ್ತು ನಿಮ್ಮ ಕೈಯನ್ನು ಕಾಯುವ ಭಾಗ, ಇವೆರಡಕ್ಕೆ ಮೊದಲು ಹಣ ಹಾಕಿರಿ. ಇದಕ್ಕೆ ಕಾರಣಗಳನ್ನು ಮುಂದೆ ವಿವರಿಸಲಾಗಿದೆ.

ನಿಮಗೆ ಈ ಯಂತ್ರ ಬೇಕೆ?

ಮೇಜು ಗರಗಸ ಎಲ್ಲ ಕೆಲಸಕ್ಕೂ ಬರುವುದಿಲ್ಲ. ತಳ ಸಮನಾಗಿರುವ, ಒಂದು ಅಂಚಾದರೂ ನೇರವಿರುವ ಕಟ್ಟಿಗೆಯನ್ನು ಮಾತ್ರ ಅದರ ಮೇಲೆ ಕೊಯ್ಯಬಹುದು. ಬಾಗಿದ ಜಾಲಿಯ ಟೊಂಗೆಯಿಂದ ನೇಗಿಲನ್ನಾಗಲಿ, ಮೇಳಿಯನ್ನಾಗಲಿ ಮಾಡುವುದಿದ್ದರೆ ಅದು ಬಾಚಿ ಮತ್ತು ಕೈಗರಗಸದ ಕೆಲಸ. ಅಂಥ ಡೊಂಕು ಕಟ್ಟಿಗೆಯನ್ನು ಮೇಜಿನ ಮೇಲಿಟ್ಟರೆ ಅದು ಓಲಾಡಿ ಅಲಗಿಗೆ ಸಿಕ್ಕಿ ಸಿಡಿಯುತ್ತದೆ. ಕೂರಿಗೆ, ಕುಂಟೆಗಳ ದಪ್ಪ ದಿಂಡನ್ನು ಸಾಮಿಲ್ಲಿನಲ್ಲಿ ಚೌಕ ಮಾಡಿಸಿ ತರುವುದೇ ಸರಿ.

ಹಲಗೆ ಸೀಳುವುದು, ಬಾಗಿಲು ಕಿಟಕಿಗಳ ಚೌಕಟ್ಟು, ಬಂಡಿಯ ಹಲಗೆ, ಕಾಳಿನ ಪೆಟ್ಟಿಗೆ, ಕೋಳಿಗೂಡು, ಜೇನುಪೆಟ್ಟಿಗೆ ಇಂಥ ಕೆಲಸಗಳಿಗೆ ಮಾತ್ರ ಇದಕ್ಕೆ ಸಮನಾದುದಿಲ್ಲ. ಒಂದೇ ಅಳತೆಯ ಇಪ್ಪತ್ತು ಪಟ್ಟಿಗಳನ್ನು ಕೈಗರಗಸದಿಂದ ಕೊಯ್ಯಲು ಇಡೀ ದಿನ ಬೇಕಾದರೆ ಇದರಲ್ಲಿ ಒಂದು ತಾಸು ಸಾಕು.

ಕೊಳ್ಳುವ ಮುನ್ನ ಒಂದು ಲೆಕ್ಕ ಹಾಕಿರಿ. ಯಂತ್ರಕ್ಕೆ 30,000 ರೂ. ಆಯಿತೆಂದು ಇಟ್ಟುಕೊಳ್ಳೋಣ. 10 ವರ್ಷ ಬಾಳಿದರೆ ವರ್ಷಕ್ಕೆ 3,000 ರೂ. ಅಲಗಿನ ಹರಿತ, ಬೆಲ್ಟು, ವಿದ್ಯುತ್ತು ಎಲ್ಲ ಸೇರಿ ಇನ್ನೂ 2,000 ರೂ. ಅಂದರೆ ವರ್ಷಕ್ಕೆ 5,000 ರೂ. ಖರ್ಚು. ಹೋದ ವರ್ಷ ನೀವು ಕೊಯ್ಸಲು, ಸೀಳಿಸಲು ಕೊಟ್ಟ ಕೂಲಿ ಇದಕ್ಕಿಂತ ಕಡಿಮೆ ಇದ್ದರೆ ಯಂತ್ರ ಬೇಡ. ನಾಲ್ಕಾರು ಮನೆಯವರು ಕೂಡಿ ಕೊಳ್ಳುವುದೂ ಒಂದು ದಾರಿ. ಆಗ ನಡೆಸುವವರು ಒಬ್ಬರೇ ಇರಬೇಕು.

ಪೇಟೆಯಲ್ಲಿ ಸಿಗುವ ಬಗೆಗಳು

ಮೊದಲನೆಯದು, ಕೈಯಲ್ಲಿ ಹಿಡಿದು ಕೊಯ್ಯುವ ದುಂಡು ಗರಗಸವನ್ನು ಹಲಗೆಯ ಕೆಳಗೆ ತಲೆಕೆಳಗಾಗಿ ಬಿಗಿದು ಮನೆಯಲ್ಲೇ ಮಾಡಿಕೊಂಡ ಮೇಜು. ಅತಿ ಅಗ್ಗ, ಅತಿ ಅಪಾಯ. ಮುಚ್ಚಳವಿಲ್ಲ, ಗುಂಡಿ ಕೈಗೆ ಸಿಗುವುದಿಲ್ಲ. ಕಲ್ಲು ಕೊಯ್ಯುವ 4 ಅಂಗುಲದ ಯಂತ್ರಕ್ಕೆ ಕಟ್ಟಿಗೆಯ ಅಲಗು ಹಾಕಿ ಹೀಗೆ ಬಿಗಿಯುವವರೂ ಇದ್ದಾರೆ. ಅದು ನಿಮಿಷಕ್ಕೆ 12,000 ಸುತ್ತಿಗೂ ಮೀರಿ ತಿರುಗುತ್ತದೆ. ಸುಮಾರು 3 ಸೆಂ.ಮೀ. ಗಿಂತ ದಪ್ಪ ಕಟ್ಟಿಗೆ ಅದಕ್ಕೆ ಆಗುವುದೂ ಇಲ್ಲ. ಈ ದಾರಿ ಹಿಡಿಯಬೇಡಿ.

ಎರಡನೆಯದು, ಹೊತ್ತೊಯ್ಯಬಹುದಾದ ಸಣ್ಣ ಮೇಜು ಗರಗಸ. 8 ಅಥವಾ 10 ಅಂಗುಲದ ಅಲಗು, 1500ರಿಂದ 2000 ವ್ಯಾಟಿನ ಮೋಟಾರು, ಮನೆಯ ಸಿಂಗಲ್ ಫೇಸ್ ವಿದ್ಯುತ್ತಿನ ಮೇಲೆ ನಡೆಯುತ್ತದೆ. 10 ಅಂಗುಲದ ಅಲಗು ನೇರವಾಗಿ ನಿಂತಾಗ ಸುಮಾರು 7.5ರಿಂದ 8 ಸೆಂ.ಮೀ. ದಪ್ಪದ ಕಟ್ಟಿಗೆಯನ್ನು ಕೊಯ್ಯುತ್ತದೆ. ಸದ್ದು ಹೆಚ್ಚು, ಮೇಜು ಸಣ್ಣದು. ಆದರೆ ಮುಚ್ಚಳ, ಸೀಳುಪಟ್ಟಿಗಳು ಸಾಮಾನ್ಯವಾಗಿ ಯಂತ್ರದ ಜೊತೆಗೇ ಬರುತ್ತವೆ. ಮನೆಯ ಕೆಲಸಕ್ಕೆ ಬಹುಪಾಲು ಇದು ಸಾಕು.

ಮೂರನೆಯದು, ಎರಕದ ಕಬ್ಬಿಣದ ಮೇಜು, ಕೆಳಗೆ 2ರಿಂದ 3 ಅಶ್ವಶಕ್ತಿಯ ಮೋಟಾರು, ನಡುವೆ ಬೆಲ್ಟು. ರಂದಾ ಯಂತ್ರದ ಜೊತೆ ಕೂಡಿಸಿದ್ದೂ ಸಿಗುತ್ತದೆ. ಭಾರವಿರುವುದರಿಂದ ಅದುರುವುದಿಲ್ಲ, ದಶಕಗಟ್ಟಲೆ ಬಾಳುತ್ತದೆ, ಹಳೆಯದು ಅಗ್ಗವಾಗಿಯೂ ಸಿಗುತ್ತದೆ. ದಿನವೂ ಬಡಿಗತನ ಮಾಡುವವರಿಗೆ ಇದು ಒಳ್ಳೆಯದು. ಆದರೆ ಇವುಗಳಲ್ಲಿ ಎಷ್ಟೋ ಯಂತ್ರಗಳು ಸೀಳುಪಟ್ಟಿ, ಮುಚ್ಚಳಗಳಿಲ್ಲದೆ ಮಾರಾಟವಾಗುತ್ತವೆ. ಅವನ್ನು ಕೂಡಿಸಿಕೊಡುವುದಾದರೆ ಮಾತ್ರ ಒಪ್ಪಿರಿ.

ಕೈ ಕಾಯುವ ಭಾಗಗಳು

10 ಅಂಗುಲದ ಅಲಗು ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಅದರ ಹಲ್ಲು ಸೆಕೆಂಡಿಗೆ 53 ಮೀಟರ್, ಅಂದರೆ ತಾಸಿಗೆ ಸುಮಾರು 190 ಕಿ.ಮೀ. ವೇಗದಲ್ಲಿ ಹೋಗುತ್ತಿರುತ್ತದೆ. ಅಷ್ಟು ವೇಗದಲ್ಲಿ ಕೈ ಹಿಂತೆಗೆಯಲು ಯಾರಿಗೂ ಸಮಯ ಸಾಲುವುದಿಲ್ಲ.

ಅಪಾಯ ಬರುವ ಬಗೆಯನ್ನು ತಿಳಿಯಿರಿ. ಅಲಗಿನ ಮುಂದಿನ ಹಲ್ಲುಗಳು ಕೆಳಕ್ಕೆ ಇಳಿಯುತ್ತವೆ, ಹಿಂದಿನವು ಮೇಲಕ್ಕೆ ಏಳುತ್ತವೆ. ಸೀಳಿದ ಕಟ್ಟಿಗೆ ಹಿಂಬದಿಯಲ್ಲಿ ಕೂಡಿಕೊಂಡು ಅಲಗನ್ನು ಹಿಡಿದರೆ, ಮೇಲೇಳುವ ಹಲ್ಲು ಆ ಕಟ್ಟಿಗೆಯನ್ನು ಎತ್ತಿ ನಿಮ್ಮ ಹೊಟ್ಟೆಯ ಕಡೆಗೆ ಎಸೆಯುತ್ತದೆ. ಕಟ್ಟಿಗೆಯ ಜೊತೆಗೆ ಅದನ್ನು ಹಿಡಿದ ಕೈ ಅಲಗಿನ ಮೇಲೆ ಬೀಳುತ್ತದೆ. ಸರಿಯಾಗಿ ಒಣಗದ ಜಾಲಿ, ಬೇವುಗಳನ್ನು ಸೀಳುವಾಗ ಇದು ಹೆಚ್ಚು.

ಇದನ್ನು ತಡೆಯಲು ಅಲಗಿನ ಬೆನ್ನಿಗೇ ನಿಲ್ಲುವ ಉಕ್ಕಿನ ತಗಡು ಸೀಳುಪಟ್ಟಿ. ಅಂಗಡಿಯವರು 'ರೈವಿಂಗ್ ನೈಫ್' ಎನ್ನುತ್ತಾರೆ. ಸೀಳಿದ ಎರಡು ಭಾಗಗಳು ಮತ್ತೆ ಕೂಡದಂತೆ ಇದು ನಡುವೆ ನಿಲ್ಲುತ್ತದೆ. ಇದರ ದಪ್ಪ ಅಲಗಿನ ತಗಡಿಗಿಂತ ಹೆಚ್ಚು, ಹಲ್ಲು ಮಾಡುವ ಸೀಳಿಗಿಂತ ಕಡಿಮೆ ಇರಬೇಕು. ಅಲಗನ್ನು ಏರಿಸಿ ಇಳಿಸಿದಾಗ ಇದೂ ಜೊತೆಗೆ ಏರಿ ಇಳಿಯುವಂತಿದ್ದರೆ ಉತ್ತಮ. ಇದಿಲ್ಲದ ಯಂತ್ರ ಎಷ್ಟೇ ಅಗ್ಗವಾದರೂ ಬೇಡ.

ಎರಡನೆಯದು ಅಲಗಿನ ಮೇಲಿನ ಮುಚ್ಚಳ. ಅಡ್ಡ ಬರುತ್ತದೆಂದು ಅದನ್ನು ಕಿತ್ತಿಡುವ ರೂಢಿ ಬಹಳ. ಕೀಳದೆ ಕೆಲಸ ಮಾಡಲು ಬರುವಂಥದೇ ಎಂಬುದನ್ನು ಅಂಗಡಿಯಲ್ಲೇ ನೋಡಿರಿ.

ಮೂರನೆಯದು ಗುಂಡಿ. ಇದು ನಮ್ಮ ಊರುಗಳಿಗೆ ಬಹು ಮುಖ್ಯ. ಕೊಯ್ಯುವಾಗ ಕರೆಂಟು ಹೋಯಿತೆನ್ನಿ. ನೀವು ಅಲಗಿನ ಹತ್ತಿರ ಸಿಕ್ಕಿದ ಕಟ್ಟಿಗೆಯನ್ನು ಬಿಡಿಸಲು ಕೈ ಹಾಕುತ್ತೀರಿ. ಆಗಲೇ ಕರೆಂಟು ಬಂದರೆ ಸಾಮಾನ್ಯ ಗುಂಡಿಯ ಯಂತ್ರ ತಾನಾಗಿಯೇ ತಿರುಗತೊಡಗುತ್ತದೆ. ಕರೆಂಟು ಹೋದೊಡನೆ ಬಿಟ್ಟುಕೊಂಡು, ಮತ್ತೆ ಒತ್ತುವವರೆಗೆ ಚಾಲೂ ಆಗದ 'ನೋ ವೋಲ್ಟ್' ಗುಂಡಿ ಪೇಟೆಯಲ್ಲಿ ಸಿಗುತ್ತದೆ. ಯಂತ್ರದಲ್ಲಿ ಇಲ್ಲದಿದ್ದರೆ ತಿಳಿದ ಎಲೆಕ್ಟ್ರಿಷಿಯನ್ನರಿಂದ ಕೂಡಿಸಿರಿ. ನಿಲ್ಲಿಸುವ ಗುಂಡಿ ಮಂಡಿಯಿಂದಲೂ ಒತ್ತಲು ಬರುವಂತೆ ಮುಂಬದಿಯಲ್ಲಿ ಇರಲಿ.

ಬೆರಳು ತಾಗಿದೊಡನೆ ಅಲಗನ್ನು ನಿಲ್ಲಿಸುವ ಯಂತ್ರವೂ ಜಗತ್ತಿನಲ್ಲಿದೆ. ಅಮೆರಿಕದ ಸ್ಟೀಫನ್ ಗ್ಯಾಸ್ ಎಂಬವರು 1999ರಲ್ಲಿ ಇದನ್ನು ರೂಪಿಸಿದರು. ಅಲಗಿನಲ್ಲಿ ಹರಿಯುವ ಸಣ್ಣ ವಿದ್ಯುತ್ ಸಂಕೇತ ಚರ್ಮ ತಾಗಿದಾಗ ಬದಲಾಗುತ್ತದೆ. ಒಡನೆ ಅಲ್ಯೂಮಿನಿಯಮ್ಮಿನ ತುಂಡೊಂದು ಹಲ್ಲುಗಳಿಗೆ ನುಗ್ಗಿ 5 ಮಿಲಿಸೆಕೆಂಡಿನೊಳಗೆ ಅಲಗನ್ನು ಹಿಡಿದು ನಿಲ್ಲಿಸುತ್ತದೆ. ಅದರ ಬೆಲೆ ಸಣ್ಣ ಬಂಡವಾಳದವರ ಕೈಗೆಟುಕುವುದಿಲ್ಲ. ನಮಗೆ ಸೀಳುಪಟ್ಟಿ, ಮುಚ್ಚಳ, ನೂಕುಕೋಲುಗಳೇ ಆಧಾರ.

ನೇರ ಹಿಡಿಯುವ ಪಟ್ಟಿ

ಅಲಗಿನ ಪಕ್ಕಕ್ಕೆ ಸಮಾನಾಂತರವಾಗಿ ಬಿಗಿಯುವ, ಕಟ್ಟಿಗೆಯನ್ನು ಒರಗಿಸಿ ನೂಕುವ ಉದ್ದ ಪಟ್ಟಿಗೆ 'ಫೆನ್ಸ್' ಎನ್ನುತ್ತಾರೆ. ಅಳತೆ ಸರಿ ಬರುವುದು ಇದರಿಂದಲೇ. ಜೇನುಪೆಟ್ಟಿಗೆಯ ಉದಾಹರಣೆ ನೋಡಿರಿ. ಚೌಕಟ್ಟು ಮತ್ತು ಪೆಟ್ಟಿಗೆಯ ಗೋಡೆಯ ನಡುವೆ ಜೇನುಹುಳು ಓಡಾಡಲು ಸುಮಾರು 7ರಿಂದ 9 ಮಿ.ಮೀ. ಜಾಗ ಬೇಕು. ಹೆಚ್ಚಾದರೆ ಅಲ್ಲಿ ತಟ್ಟಿ ಕಟ್ಟಿಬಿಡುತ್ತವೆ. ಕಡಿಮೆಯಾದರೆ ಹುಳು ಹಾಯುವುದಿಲ್ಲ. ಸೂರ್ಯಕಾಂತಿಯ ಕಾಳು ಕಟ್ಟಲೆಂದು ಹೊಲದಲ್ಲಿ ಜೇನು ಇಡುವವರು ಇದನ್ನು ಬಲ್ಲರು. ಪಟ್ಟಿ 2 ಮಿ.ಮೀ. ಸರಿದರೂ ಪೆಟ್ಟಿಗೆ ಕೆಟ್ಟಂತೆಯೇ.

ಅಳತೆಯಷ್ಟೇ ಅಲ್ಲ, ಪಟ್ಟಿ ಹಿಂಬದಿಯಲ್ಲಿ ಅಲಗಿನ ಕಡೆಗೆ ವಾಲಿದ್ದರೆ ಕಟ್ಟಿಗೆ ನಡುವೆ ಸಿಕ್ಕಿಕೊಂಡು ಸಿಡಿಯುತ್ತದೆ. ಆದ್ದರಿಂದ ಯಂತ್ರದ ಪ್ಲಗ್ ಕಿತ್ತಿಟ್ಟು ಅಂಗಡಿಯಲ್ಲೇ ಈ ಪರೀಕ್ಷೆ ಮಾಡಿರಿ:

1. ಪಟ್ಟಿಯನ್ನು ಬಿಗಿದು, ಅಲಗಿನ ಮುಂಬದಿಯ ಒಂದು ಹಲ್ಲಿಗೆ ಗುರುತು ಹಾಕಿ ಪಟ್ಟಿಯವರೆಗೆ ಅಳೆಯಿರಿ. ಅದೇ ಹಲ್ಲನ್ನು ಹಿಂಬದಿಗೆ ತಿರುಗಿಸಿ ಮತ್ತೆ ಅಳೆಯಿರಿ. ಎರಡೂ ಒಂದೇ ಇರಬೇಕು.
2. ಬಿಗಿದ ಪಟ್ಟಿಯ ಹಿಂತುದಿಯನ್ನು ಹೆಬ್ಬೆರಳಿನಿಂದ ಒತ್ತಿರಿ. ಸರಿದರೆ ಆ ಯಂತ್ರ ಬಿಡಿರಿ.
3. ಅಲಗನ್ನು ಹಿಡಿದು ಪಕ್ಕಕ್ಕೆ ಅಲ್ಲಾಡಿಸಿರಿ. ಆಡಿದರೆ ಬೇರಿಂಗು ಸವೆದಿದೆ. ಹಳೆಯ ಯಂತ್ರಕ್ಕೆ ಇದು ತಪ್ಪದೆ ಬೇಕು.
4. ಮೇಜಿನ ಮೇಲೆ ನೇರ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ ಬೆಳಕು ಕಾಣುವುದೇ ನೋಡಿರಿ.
5. ಕೊನೆಗೆ ಚಾಲೂ ಮಾಡಿಸಿ, ಸಮ ಅಂಚಿನ ಹಲಗೆಯೊಂದನ್ನು ಅಡ್ಡ ಕೊಯ್ಸಿರಿ. ಒಂದು ತುಂಡನ್ನು ಮಗುಚಿ, ಕೊಯ್ದ ಅಂಚುಗಳನ್ನು ಮತ್ತೆ ಜೋಡಿಸಿರಿ. ಕಾಣುವ ಸಂದು ನಿಜವಾದ ತಪ್ಪಿನ ಎರಡರಷ್ಟು. ಸಣ್ಣ ತಪ್ಪೂ ಕಣ್ಣಿಗೆ ಬೀಳುತ್ತದೆ.

ಅಲಗು

ಯಂತ್ರದ ಜೊತೆಗೆ ಬರುವ ಅಲಗು ಹೆಚ್ಚಾಗಿ ಸಾಧಾರಣವಿರುತ್ತದೆ. ನಾರಿನ ಉದ್ದಕ್ಕೆ ಸೀಳಲು 24 ಹಲ್ಲಿನದು, ಅಡ್ಡ ಕೊಯ್ಯಲು 60 ಹಲ್ಲಿನದು ಬೇಕು. ಒಂದೇ ಕೊಳ್ಳುವುದಾದರೆ 40 ಹಲ್ಲಿನದು ಎರಡಕ್ಕೂ ಒದಗುತ್ತದೆ. ಕಾರ್ಬೈಡ್ ತುದಿಯ ಅಲಗು ಜಾಲಿಯಂಥ ಗಟ್ಟಿ ಕಟ್ಟಿಗೆಗೂ ತಡೆಯುತ್ತದೆ. ಆದರೆ ಮೊಳೆ ತಾಗಿದರೆ ತುದಿ ಹಾರುತ್ತದೆ. ಹಳೆಯ ಬಾಗಿಲು, ತೊಲೆಗಳನ್ನು ಕೊಯ್ಯುವ ಮುನ್ನ ಮೊಳೆಗಳನ್ನೆಲ್ಲ ಕಿತ್ತಿರಿ. ಅಲಗಿನ ನಡುವಿನ ತೂತು ಯಂತ್ರದ ಅಚ್ಚಿಗೆ ಸರಿ ಇರಬೇಕು, 25.4 ಮತ್ತು 30 ಮಿ.ಮೀ. ಎರಡೂ ಅಳತೆಗಳಿವೆ. ಅಲಗಿನ ಮೇಲೆ ಬರೆದ ಗರಿಷ್ಠ ಸುತ್ತು ನಿಮ್ಮ ಯಂತ್ರದ ಸುತ್ತಿಗಿಂತ ಹೆಚ್ಚಿರಬೇಕು.

ಮೊಂಡ ಅಲಗಿಗೆ ಹೆಚ್ಚು ಒತ್ತಡ ಬೇಕು. ಹೆಚ್ಚು ಒತ್ತಿದ ಕೈ ಜಾರುತ್ತದೆ. ಹರಿತಕ್ಕೆ ಹಾಕುವ ಹಣ ದಂಡವಲ್ಲ.

ಅಶ್ವಶಕ್ತಿ ಮತ್ತು ವಿದ್ಯುತ್ತು

ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಮನೆಯ ಕೆಲಸಕ್ಕೆ 2 ಅಶ್ವಶಕ್ತಿ ಧಾರಾಳ. 2 ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರು ಸುಮಾರು 9ರಿಂದ 10 ಆಂಪಿಯರ್ ಎಳೆಯುತ್ತದೆ. ಚಾಲೂ ಆಗುವ ಗಳಿಗೆಯಲ್ಲಿ ಅದರ ಐದಾರು ಪಟ್ಟು. ಆದ್ದರಿಂದ 16 ಆಂಪಿಯರಿನ ಸಾಕೆಟ್ಟು, 2.5 ಚದರ ಮಿ.ಮೀ. ತಾಮ್ರದ ತಂತಿ, ಸರಿಯಾದ ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರಿನ ಸೋರಿಕೆ ತಡೆಯುವ ಸ್ವಿಚ್ಚು ಅವಶ್ಯ. ತಂತಿ ದೂರ ಹೋಗುವುದಿದ್ದರೆ 4 ಚದರ ಮಿ.ಮೀ. ಇರಲಿ.

ಬೆಲ್ಟಿನ ಮೋಟಾರಿಗೆ ವೋಲ್ಟೇಜು 230ರಿಂದ 180ಕ್ಕೆ ಇಳಿದರೆ ಅದರ ತಿರುಗಿಸುವ ಬಲ ಸುಮಾರು ನೂರಕ್ಕೆ 60ಕ್ಕೆ ಇಳಿಯುತ್ತದೆ. ಅಂಥ ಹೊತ್ತಿನಲ್ಲಿ ಒತ್ತಿ ಕೊಯ್ದರೆ ಮೋಟಾರು ಸುಡುತ್ತದೆ. ವೋಲ್ಟೇಜು ಬಿದ್ದಾಗ ಕೆಲಸ ನಿಲ್ಲಿಸಿರಿ. 3 ಫೇಸಿನ ಯಂತ್ರವನ್ನು ಪಂಪ್‌ಸೆಟ್ಟಿನ ಸಂಪರ್ಕಕ್ಕೆ ಜೋಡಿಸಬಹುದಲ್ಲ ಎಂದು ಎಣಿಸಬೇಡಿ. ಆ ಸಂಪರ್ಕ ನೀರಾವರಿಗೆಂದೇ ಕೊಟ್ಟದ್ದು. ದಿಮ್ಮಿ ಸೀಳುವ ದೊಡ್ಡ ಯಂತ್ರಗಳಿಗೆ ಅರಣ್ಯ ಇಲಾಖೆಯ ಪರವಾನಿಗೆಯ ಕಟ್ಟಳೆಗಳಿವೆ. ದೊಡ್ಡ ಅಲಗಿನ ಯಂತ್ರ ಹೂಡುವ ಮುನ್ನ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿರಿ.

ಹಣ ಹಂಚುವ ಬಗೆ

ಇಟ್ಟುಕೊಂಡ ಪ್ರತಿ 100 ರೂಪಾಯಿಯಲ್ಲಿ 70 ಯಂತ್ರಕ್ಕೆ, 15 ಒಳ್ಳೆಯ ಅಲಗಿಗೆ, 15 ವೈರಿಂಗು, ಗುಂಡಿ, ಕನ್ನಡಕ ಮತ್ತು ಮುಖವಸ್ತ್ರಕ್ಕೆ ತೆಗೆದಿಡಿರಿ. ಕಟ್ಟಿಗೆಯ ಧೂಳು ಮೂಗಿನ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಸಾರಿದೆ. ಗಾಳಿಯಾಡುವ ಕಡೆ ಯಂತ್ರ ಇಡಿರಿ.

ನಡೆಸುವಾಗ

ದೋತರದ ಚುಂಗು, ಹೆಗಲ ಮೇಲಿನ ಟವೆಲು, ಅಗಲ ತೋಳಿನ ಅಂಗಿ ಬೇಡ. ಕೈಚೀಲವೂ ಬೇಡ, ಹಲ್ಲು ಅದನ್ನು ಹಿಡಿದು ಕೈಯನ್ನೇ ಎಳೆಯುತ್ತದೆ. ಅಲಗು ಕಟ್ಟಿಗೆಯ ಮೇಲೆ ಹಲ್ಲಿನಷ್ಟೇ ಕಾಣಲಿ. ಅಲಗಿನ ಎದುರು ನೇರ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ನಿಲ್ಲಿರಿ. ಕೈ ಅಲಗಿಗೆ ಒಂದು ಗೇಣಿಗಿಂತ ಹತ್ತಿರ ಹೋಗುವುದಿದ್ದರೆ ನೂಕುಕೋಲು ಹಿಡಿಯಿರಿ. ಮನೆಯ ಮಕ್ಕಳು ಮುಟ್ಟದಂತೆ, ಕೆಲಸ ಮುಗಿದೊಡನೆ ಪ್ಲಗ್ ಕಿತ್ತಿಡಿರಿ. ಮೊದಲ ನಾಲ್ಕು ದಿನ ಊರ ಬಡಿಗೇರರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಯಿರಿ. ಕಟ್ಟಿಗೆಯ ನಾರು, ಗಂಟುಗಳ ಗುಣ ಅವರಿಗೆ ತಿಳಿದಷ್ಟು ಯಾವ ಪುಸ್ತಕವೂ ಹೇಳುವುದಿಲ್ಲ.

ಎರೆಹೊಲದಲ್ಲಿ ಹಿಂಗಾರಿ ಜೋಳ ಬಿತ್ತಲು ಸಿಗುವ ಹದ ಕೆಲವೇ ದಿನಗಳದು. ಆ ಹೊತ್ತಿಗೆ ಕೂರಿಗೆ ಹಿಡಿಯುವ ಕೈಗೆ ಪಟ್ಟಿ ಕಟ್ಟಿದ್ದರೆ, ಗರಗಸದಲ್ಲಿ ಉಳಿಸಿದ ಎರಡು ಸಾವಿರ ರೂಪಾಯಿ ಆ ವರ್ಷದ ಬೆಳೆಯನ್ನು ತಂದುಕೊಡುವುದಿಲ್ಲ. ಕೊಳ್ಳುವ ದಿನ ಸೀಳುಪಟ್ಟಿ, ಮುಚ್ಚಳ, ಗುಂಡಿ, ಪಕ್ಕದ ಪಟ್ಟಿ ಈ ನಾಲ್ಕನ್ನು ಕೈಯಿಂದ ಮುಟ್ಟಿ ನೋಡಿರಿ. ನಾಲ್ಕೂ ಸರಿ ಇದ್ದ ಮೇಲೆ ಅಶ್ವಶಕ್ತಿಯ ಮಾತು ತೆಗೆಯಿರಿ.